ಹೆಪ್ಪಿನ ಬಟ್ಟಲು

ಆವತ್ತು ಕಾಳಮ್ಮನ ಮೊಸರು ಕೆಡದಿದ್ದರೆ ಹುಲಿಗೆಮ್ಮ ಮತ್ತೆ ಹೊಳೆಗೆ ಇಳಿಯುತ್ತಿರಲಿಲ್ಲ. ಹೀಗೆಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೂ ಚಿಂತೆಯಿಲ್ಲ, ಕೇಳಿದರೆ ಸಾಕು.

ಇಸವಿ ಎರಡು ಸಾವಿರದ ಎಪ್ಪತ್ತನಾಲ್ಕು. ಹಾಲು ಸುರಿದು ಗುಂಡಿ ಒತ್ತಿದರೆ ಅರ್ಧ ಗಂಟೆಯಲ್ಲಿ ಗಟ್ಟಿ ಮೊಸರು ಕೊಡುವ ಪೆಟ್ಟಿಗೆ ಹೊಸಪೇಟೆಯ ಮನೆಮನೆಯಲ್ಲೂ ಇತ್ತು. ಕಾಳಮ್ಮನ ಅಡುಗೆಮನೆಯಲ್ಲೂ ಇತ್ತು. ಅದರಲ್ಲಿ ಆಕೆ ಹುಣಸೆಹಣ್ಣು ತುಂಬಿಟ್ಟಿದ್ದಳು. ಆಕೆಯ ಮೊಸರು ಆಗುತ್ತಿದ್ದುದು ಮಣ್ಣಿನ ಗಡಿಗೆಯಲ್ಲಿ. ಆ ಬೆಳಿಗ್ಗೆ ಮುಚ್ಚಳ ತೆಗೆದರೆ ಮೊಸರು ಲೋಳೆಯಾಗಿ ನೂಲು ನೂಲು ಬಿಡುತ್ತಿತ್ತು. ಹೆಪ್ಪು ಸತ್ತಿತೆಂದು ತೀರ್ಮಾನಿಸಿದ ಆಕೆ ಸ್ಟೀಲಿನ ಬಟ್ಟಲಿಗೆ ಒಂದು ಬೆಲ್ಲದ ಚೂರು ಹಾಕಿ, ಕೆಲಸಕ್ಕೆ ಹೊರಟಿದ್ದ ಮಗಳು ಗೌರಾಳ ಕೈಗೆ ಕೊಟ್ಟು, ಓಣಿಯಲ್ಲಿ ಯಾರ ಮನೆಯಲ್ಲಾದರೂ ಹೆಪ್ಪು ತಾ ಎಂದಳು. ಖಾಲಿ ಬಟ್ಟಲು ಕೊಡುವುದೂ ಇಲ್ಲ, ಖಾಲಿ ಬಟ್ಟಲು ತರುವುದೂ ಇಲ್ಲ ಎಂಬುದು ಆ ಮನೆಯ ನೇಮ.

ಗೌರಾ ಏಳು ಬಾಗಿಲು ತಟ್ಟಿದಳು. ಏಳು ಮನೆಯಲ್ಲೂ ಪೆಟ್ಟಿಗೆಯ ಮೊಸರು. ಅದರಲ್ಲಿ ಜೀವವಿರುವುದಿಲ್ಲ, ಹೆಪ್ಪಿಗೆ ಬರುವುದಿಲ್ಲ. ಬೆಲ್ಲ ಹೋದ ಹಾಗೆಯೇ ವಾಪಸ್ ಬಂತು. ಕಾಳಮ್ಮ ಬೇಸರಪಟ್ಟುಕೊಳ್ಳಲಿಲ್ಲ. ಬೆಚ್ಚಗಿನ ಹಾಲಿಗೆ ತೊಟ್ಟು ಸಮೇತ ಎರಡು ಹಸಿಮೆಣಸಿನಕಾಯಿ ಹಾಕಿ ಮುಚ್ಚಿಟ್ಟಳು. ನಾಳೆಗೆ ಇದೇ ಹೆಪ್ಪಾಗುತ್ತದೆ ಎಂದಳು. ಮೂವತ್ತನಾಲ್ಕು ವರ್ಷ ಆ ಮನೆಯ ಮೊಸರು ಉಂಡಿದ್ದ ಗೌರಾಳಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಮೆಣಸಿನಕಾಯಿಗೂ ಮೊಸರಿಗೂ ಎಲ್ಲಿಯ ಸಂಬಂಧ ಎಂದು ಕೇಳಿದಳು.

"ಸಂಬಂಧ ಯಾಕ ಬೇಕವಾ?" ಎಂದಳು ಕಾಳಮ್ಮ. "ಆ ತೊಟ್ಟಿಗೆ ಹುಳಿ ಹಿಡಿಸೋದು ಗೊತ್ತೈತಿ. ಹಾಲಿಗೆ ಬೇಕಾಗಿದ್ದೂ ಅಷ್ಟ."

ಗೌರಾ ಚಪ್ಪಲಿ ಮೆಟ್ಟಲು ಬಗ್ಗಿದವಳು ಹಾಗೆಯೇ ನಿಂತುಬಿಟ್ಟಳು. ಆಮೇಲೆ ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಅವ್ವನದು ಮೆಟ್ಟಿಕೊಂಡು ಓಡಿದಳು.

ಓಡುವುದಕ್ಕೆ ಕಾರಣವಿತ್ತು. ಗೌರಾ ಬಡಿಗೇರ ಕೆಲಸ ಮಾಡುತ್ತಿದ್ದುದು ಊರ ಹೊರಗಿನ ನಡಿಗೆ ಕೇಂದ್ರದಲ್ಲಿ. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಮಾತು ಕೇಳದವರಿಗೆ ಅಲ್ಲಿ 'ಆಸರೆ' ಎಂಬ ಚೌಕಟ್ಟು ತೊಡಿಸುತ್ತಿದ್ದರು. ಸೊಂಟದಿಂದ ಹಿಮ್ಮಡಿಯವರೆಗೆ ತೆಳು ಲೋಹದ ಪಟ್ಟಿಗಳು, ಕೀಲಿಗೊಂದು ಮೋಟಾರು, ಅಂಗಾಲಿನಡಿ ಒತ್ತಡ ಅಳೆಯುವ ಹಾಳೆ, ಸೊಂಟಪಟ್ಟಿಯಲ್ಲಿ ದಾರಿ ನೋಡುವ ಪುಟ್ಟ ಕಣ್ಣು. ತೊಟ್ಟವರು ಮೈಯನ್ನು ಮುಂದಕ್ಕೆ ತೂಗಿದರೆ ಅದು ಹೆಜ್ಜೆ ಇಡುತ್ತಿತ್ತು. ಮೆಟ್ಟಿಲು ಹತ್ತುತ್ತಿತ್ತು, ಸಂತೆ ಸುತ್ತುತ್ತಿತ್ತು. ಅದನ್ನು ತೊಟ್ಟವರೆಲ್ಲ ಗೌರಾಳನ್ನು ಹರಸಿ ಹೋಗುತ್ತಿದ್ದರು, ಹುಲಿಗೆಮ್ಮನೊಬ್ಬಳನ್ನು ಬಿಟ್ಟು. ಹುಲಿಗೆಮ್ಮನಿಗೆ ಸಂತೆ ಬೇಕಿರಲಿಲ್ಲ, ಹೊಳೆ ಬೇಕಿತ್ತು.

ಆಕೆ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವಳು. ಸೇತುವೆ ಇದ್ದರೂ ಆಚೆ ದಂಡೆಯ ಬಾಳೆತೋಟಗಳಿಗೆ ಹರಿಗೋಲೇ ಹತ್ತಿರ. ಹನ್ನೆರಡು ಜನ, ಎರಡು ಬೈಕು ಹಿಡಿಸುವ ದೊಡ್ಡ ಹರಿಗೋಲು ಅದು; ಬಂಡೆಗಳ ನಡುವೆ ಅದನ್ನು ನಿಂತೇ ನಡೆಸಬೇಕು, ಕುಳಿತರೆ ಮುಂದಿನ ಸುಳಿ ಕಾಣುವುದಿಲ್ಲ. ಮೂರು ವರ್ಷದ ಹಿಂದೆ ಬಂಡೆಯ ಮೇಲಿಂದ ಜಾರಿ ಆಕೆಯ ಬೆನ್ನು ಮುರಿದಿತ್ತು. ಆ ಘಟ್ಟದ ಅಂಬಿಗರಲ್ಲಿ ಒಂದು ಕಟ್ಟಳೆ ಇದೆ: ಮೂರು ವರ್ಷ ಹುಟ್ಟು ಹಾಕಿ ಹೊಳೆ ದಾಟದವರ ಪಾಳಿ ಬೇರೆಯವರಿಗೆ ಹೋಗುತ್ತದೆ. ಹುಲಿಗೆಮ್ಮನ ಪಾಳಿ ಆಕೆಯ ತಾಯಿಯಿಂದ ಬಂದದ್ದು. ಅದು ಕೈತಪ್ಪಲು ಇನ್ನು ಹದಿಮೂರು ದಿನ ಬಾಕಿ ಇತ್ತು.

ಹಿಂದಿನ ದಿನವಷ್ಟೇ ದಂಡೆಯ ಬಳಿ ಮೊಣಕಾಲುದ್ದ ನೀರಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದರು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಆದರೆ ಹರಿಗೋಲಿನಲ್ಲಿ ನೆಲ ನಿಜಕ್ಕೂ ಡೊಂಕು. ಆಸರೆಯ ಪ್ರೋಗ್ರಾಂ ಬರೆದವರು ನೆಲ ಅಲುಗಾಡಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಹರಿಗೋಲು ಎಡಕ್ಕೆ ವಾಲಿದರೆ ತಾನೇ ಬೀಳುತ್ತಿದ್ದೇನೆ ಎಂದುಕೊಂಡು ಅದು ಬಲಗಾಲನ್ನು ಒತ್ತುತ್ತಿತ್ತು. ಒತ್ತಿದ ರಭಸಕ್ಕೆ ಹರಿಗೋಲು ಬಲಕ್ಕೆ ವಾಲುತ್ತಿತ್ತು. ಆಗ ಇನ್ನೂ ಜೋರಾಗಿ ಎಡಗಾಲು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮೂರೇ ತೂಗಿಗೆ ಹುಲಿಗೆಮ್ಮ ಚೌಕಟ್ಟಿನ ಸಮೇತ ನೀರಿಗೆ ಬಿದ್ದಿದ್ದಳು. ಎತ್ತಿ ಕೂರಿಸಿದ ಮೇಲೆ ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಗೌರಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಪ್ರೋಗ್ರಾಂ ಅನ್ನು ಮೊದಲಿನಿಂದ ಬರೆಯಲು ಒಂದು ವರ್ಷವಾದರೂ ಬೇಕು ಎಂದು ಕೇಂದ್ರದವರು ಕೈಚೆಲ್ಲಿದ್ದರು.

ಆದರೆ ಗೌರಾ ಎರಡು ವರ್ಷದ ಹಿಂದೆ ಒಂದು ಹುಚ್ಚು ಕೆಲಸ ಮಾಡಿಟ್ಟಿದ್ದಳು. ಆಗ ಒಂದೊಂದು ಯಂತ್ರಕ್ಕೆ ಒಂದೊಂದು ಪ್ರೋಗ್ರಾಂ, ಒಂದೊಂದಕ್ಕೂ ಒಳಗಿನಿಂದ ಅಗುಳಿ. ತೆಂಗಿನಕಾಯಿ ಕೀಳುವ ಯಂತ್ರಕ್ಕೂ ಹಿಡಿಯುವುದು ಗೊತ್ತು, ಮೊಟ್ಟೆ ಆರಿಸುವ ಯಂತ್ರಕ್ಕೂ ಗೊತ್ತು. ಆದರೆ ಎರಡೂ ಆ ವಿದ್ಯೆಯನ್ನು ಬೇರೆ ಬೇರೆಯಾಗಿ, ಮೊದಲ ಅಕ್ಷರದಿಂದ ಬರೆಸಿಕೊಂಡಿದ್ದವು. ಇದೊಂದು ಮನೆಗೊಂದು ಹೊಳೆ ತೋಡುವ ಕೆಲಸ ಎಂದು ಗೌರಾಳಿಗೆ ಅನ್ನಿಸುತ್ತಿತ್ತು. ಅದಕ್ಕೇ ಅವಳು ಎಲ್ಲರಿಗೂ ಸಲ್ಲುವ ಒಂದು ಭಂಡಾರ ಕಟ್ಟಿ ಅದಕ್ಕೆ 'ಹೆಪ್ಪು' ಎಂದು ಹೆಸರಿಟ್ಟಳು. ಯಾವ ಪ್ರೋಗ್ರಾಂ ಬೇಕಾದರೂ ತನಗೆ ಗೊತ್ತಿರುವ ಒಂದು ವಿದ್ಯೆಯ ತುಣುಕನ್ನು ಅಲ್ಲಿಡಬಹುದು. ತುಣುಕಿಗೆ ಒಂದು ಚೀಟಿ: ನನಗೆ ಏನು ಕೊಡಬೇಕು, ನಾನು ಏನು ಕೊಡುತ್ತೇನೆ. ಒಳಗೆ ಹೇಗೆ ನಡೆಯುತ್ತದೆಂದು ಯಾರೂ ಕೇಳುವ ಹಾಗಿಲ್ಲ. ಯಾವ ಭಾಷೆಯಲ್ಲಿ ಬರೆದದ್ದು ಎಂಬ ಕುಲಗೋತ್ರದ ವಿಚಾರಣೆಯೂ ಇಲ್ಲ. ಬೇಕಾದವರು ಬೇಕಾದಾಗ ಕರೆದರೆ ಅದು ಕೆಲಸ ಮಾಡಿಕೊಟ್ಟು ಸುಮ್ಮನಾಗುತ್ತದೆ. ಒಂದೇ ತುಣುಕು, ಸಾವಿರ ಮನೆ. ಕೊನೆಗೊಂದು ನೇಮವನ್ನು ಅವಳು ಅವ್ವನಿಂದ ಎತ್ತಿಕೊಂಡಿದ್ದಳು: ಬಟ್ಟಲು ಖಾಲಿ ವಾಪಸ್ ಬರಬಾರದು. ತುಣುಕನ್ನು ಬಳಸಿದವರು ಅದರಿಂದ ತಾವು ಹೊಸದಾಗಿ ಕಲಿತದ್ದನ್ನು ಅದಕ್ಕೇ ಸೇರಿಸಿ ಹಿಂದಿರುಗಿಸಬೇಕು.

ಎರಡು ವರ್ಷದಲ್ಲಿ ಆ ಭಂಡಾರಕ್ಕೆ ಬಂದ ತುಣುಕು ನಲವತ್ತೊಂದು. ಎರವಲು ಒಯ್ದವರು ಸೊನ್ನೆ. ಮೊಸರು ಆಯಿತೇ ಎಂದು ಕೇಂದ್ರದ ಜನ ದಿನಾ ಬೆಳಿಗ್ಗೆ ಅವಳನ್ನು ಕೇಳಿ ನಗುತ್ತಿದ್ದರು.

ಆ ದಿನ ಜೋಡಿಯಿಲ್ಲದ ಚಪ್ಪಲಿಯಲ್ಲಿ ಬಂದು ಕುಳಿತ ಗೌರಾ, ಇಷ್ಟು ದಿನ ತಾನು ಹುಡುಕಿದ ರೀತಿಯೇ ತಪ್ಪು ಎಂದುಕೊಂಡಳು. ಅವಳು ಕಾಲು ಎಂದು ಹುಡುಕಿದ್ದಳು, ನಡಿಗೆ ಎಂದು ಹುಡುಕಿದ್ದಳು, ದೋಣಿ ಎಂದೂ ಹುಡುಕಿದ್ದಳು. ಅದು ಮೊಸರಿಗಾಗಿ ಮೊಸರಿನ ಮನೆಗಳನ್ನೇ ತಟ್ಟಿದ ಹಾಗೆ. ಈಗ ಕಾಲನ್ನೂ ಹೊಳೆಯನ್ನೂ ಮರೆತು, ಅಲುಗಾಡುವ ನೆಲದ ಮೇಲೆ ಸ್ಥಿರವಾಗಿರುವುದು ಯಾರಿಗೆ ಗೊತ್ತು ಎಂದಷ್ಟೇ ಕೇಳಿದಳು. ಪರದೆಯ ಮೇಲೆ ಒಂದೇ ಒಂದು ಚೀಟಿ ಮೂಡಿತು. ತುಣುಕಿನ ಹೆಸರು 'ಚೆಲ್ಲಬೇಡ'. ಇಟ್ಟವರು ಹುಬ್ಬಳ್ಳಿಯ ರಾಜಾಸಾಬ ನದಾಫ. ಯಂತ್ರದ ಹೆಸರಿನ ಮುಂದೆ, ರೈಲಿನ ಚಹಾ ಗಾಡಿ ಎಂದಿತ್ತು. ಗೌರಾ ಕುರ್ಚಿಯಿಂದೆದ್ದು, ಮೇಜನ್ನು ಒಂದು ಸುತ್ತು ಸುತ್ತಿ, ಮತ್ತೆ ಕುಳಿತು ಇನ್ನೊಮ್ಮೆ ಓದಿದಳು.

ನದಾಫರಿಗೆ ಫೋನು ಹಚ್ಚಿದಳು. ನಿವೃತ್ತರಾಗಿ ಮನೆಯಲ್ಲಿದ್ದ ಆ ಮನುಷ್ಯ, ತಮ್ಮ ತುಣುಕನ್ನು ಕೇಳಿ ಯಾರೋ ಬಂದಿದ್ದಾರೆಂದು ತಿಳಿದು ಮಾತಿಗೆ ಶುರುವಿಟ್ಟರು. ಆಮೇಲೆ ನಿಲ್ಲಿಸಲೇ ಇಲ್ಲ. ಓಡುವ ರೈಲಿನಲ್ಲಿ, ಕಿರಿದಾದ ಓಣಿಯಲ್ಲಿ, ಅಂಚಿನವರೆಗೆ ತುಂಬಿದ ಇಪ್ಪತ್ತು ಕಪ್ಪು ಹೊತ್ತು ಎರಡು ಗಾಲಿಯ ಮೇಲೆ ನಡೆಯುವ ಗಾಡಿಗೆ ವಿದ್ಯೆ ಕಲಿಸಲು ತಮಗೆ ಹನ್ನೊಂದು ವರ್ಷ ಹಿಡಿಯಿತು ಎಂದರು. ಮೊದಲೆಲ್ಲ ಗಾಡಿ ರೈಲಿನ ನೆಲವನ್ನು ನೋಡಿಕೊಂಡು ಸಾವರಿಸುತ್ತಿತ್ತು, ಪ್ರಯಾಣಿಕರ ಮಡಿಲಿಗೆಲ್ಲ ಚಹಾ ಬೀಳುತ್ತಿತ್ತು.

"ಆಮ್ಯಾಲೆ ಗೊತ್ತಾತ್ರಿ," ಎಂದರು ನದಾಫ. "ನೆಲಾ ನಂಬಬಾರದು, ಚಾ ನಂಬಬೇಕು. ಕಪ್ಪಿನ್ಯಾಗಿನ ಚಾ ಯಾವ ಕಡೆ ಹೊರಳತೈತಿ, ಆ ಕಡೆ ಮೈ ಕೊಡಬೇಕು. ನೆಲಾ ಏನರ ಮಾಡ್ಕೊಳ್ಳಲಿ."

ಹಾಗಾದರೆ ಆ ತುಣುಕಿಗೆ ಒಂದು ಕಪ್ಪಿನಷ್ಟು ಚಹಾ ಕೊಡಬೇಕು. ಆಸರೆಯಲ್ಲಿ ಚಹಾ ಎಲ್ಲಿಂದ ಬರಬೇಕು? ಗೌರಾ ಮತ್ತು ಅವಳ ಜೊತೆಗಾರರು ನಾಲ್ಕು ದಿನ ಕುಳಿತು ಬೆಸುಗೆ ಹಾಕಿದರು. ಮುಚ್ಚಿದ ಸಣ್ಣ ಗಾಜಿನ ಬಟ್ಟಲು, ಅದರಲ್ಲಿ ಅರ್ಧ ನೀರು, ನೀರಿನ ಮಟ್ಟ ಅಳೆಯುವ ಕಣ್ಣು. ಅದನ್ನು ಆಸರೆಯ ಸೊಂಟಪಟ್ಟಿಯಲ್ಲಿ, ಸರಿಯಾಗಿ ಹೊಕ್ಕುಳ ಮುಂದೆ ಕೂರಿಸಿದರು. ಹುಲಿಗೆಮ್ಮ ಅದನ್ನು ತಟ್ಟಿ ನೋಡಿ, ಸಕ್ಕರೆ ಹಾಕಿದ್ದೀರೋ ಇಲ್ಲವೋ ಎಂದು ಕೇಳಿದಳು. ಬಿದ್ದ ದಿನದಿಂದ ಆಕೆ ಆಡಿದ ಮೊದಲ ಕೊಂಕು ಮಾತು ಅದು, ಗೌರಾಳಿಗೆ ಹಬ್ಬವಾದಂತಾಯಿತು.

ಕೇಂದ್ರದ ಪಡಸಾಲೆಯಲ್ಲಿ ನಾಲ್ಕೂ ದಿಕ್ಕಿಗೆ ತೂಗುವ ಹಲಗೆಯೊಂದಿತ್ತು. ಹುಲಿಗೆಮ್ಮ ಅದರ ಮೇಲೆ ನಿಂತಳು. ಹಲಗೆ ತೂಗಿತು. ಆಸರೆ ತನ್ನ ಪ್ರೋಗ್ರಾಂ ಬದಿಗಿಟ್ಟು, ನೂರೈವತ್ತು ಕಿಲೋಮೀಟರ್ ಆಚೆಯ ಚಹಾ ಗಾಡಿಯ ವಿದ್ಯೆಯನ್ನು ಕರೆಯಿತು. ಹುಲಿಗೆಮ್ಮನ ಮೊಣಕಾಲು ತುಸುವೇ ಸಡಿಲವಾಯಿತು, ಸೊಂಟ ಹೊರಳಿತು, ಎದೆ ಮಾತ್ರ ಇದ್ದಲ್ಲೇ ಇತ್ತು. ಗೌರಾ ತೂಗಾಟ ಹೆಚ್ಚಿಸಿದಳು. ಇನ್ನೂ ಹೆಚ್ಚಿಸಿದಳು. ಹಲಗೆ ಹುಚ್ಚು ಕುದುರೆಯಂತೆ ಕುಣಿಯುತ್ತಿದ್ದರೂ ಮೇಲೆ ನಿಂತವಳು ತಲೆಯ ಸೆರಗು ಸರಿಮಾಡಿಕೊಂಡಳು. ಸುತ್ತ ನಿಂತವರೆಲ್ಲ ಚಪ್ಪಾಳೆ ಹೊಡೆದರು. ದಿನಾ ಮೊಸರಿನ ವಿಷಯ ಕೇಳುತ್ತಿದ್ದವರ ಚಪ್ಪಾಳೆಯೇ ಎಲ್ಲಕ್ಕಿಂತ ಜೋರಾಗಿತ್ತು. ಸಂಭ್ರಮದ ಭರದಲ್ಲಿ ಗೌರಾ ಅಭಿನಂದಿಸಲು ಕೈ ಚಾಚಿದಳು.

ಹುಲಿಗೆಮ್ಮ ಸೊಂಟದಿಂದ ಬಗ್ಗಿ ಅವಳಿಗೆ ನಮಸ್ಕಾರ ಹಾಕಿದಳು. ಗೌರಾ ಗಾಬರಿಯಾಗಿ, ಹಿರಿಯಳಾದ ನೀನು ನನಗೇಕೆ ಬಗ್ಗುತ್ತೀಯೆ ಎಂದಳು. ನಾನೆಲ್ಲಿ ಬಗ್ಗಿದೆ, ಇದೇ ಬಗ್ಗಿಸಿತು ಎಂದು ಹುಲಿಗೆಮ್ಮ ಆಸರೆಯತ್ತ ಬೆರಳು ತೋರಿಸಿದಳು.

ಮತ್ತೆ ನದಾಫರಿಗೆ ಫೋನು ಹೋಯಿತು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾರಾದರೂ ಕೈ ಚಾಚಿದರೆ ಚಹಾದವನು ಆ ಕಡೆ ಬಗ್ಗಲೇಬೇಕಲ್ಲ, ಅದನ್ನೇನು ಚೀಟಿಯಲ್ಲಿ ಬರೆಯುವುದು ಎಂದರು. ಈ ವಿಷಯ ಕೇಳಿ ಕಾಳಮ್ಮ ಮಾತ್ರ ಬೆರಗಾಗಲಿಲ್ಲ. ಹೆಪ್ಪು ತಂದರೆ ಆ ಮನೆಯ ರುಚಿಯೂ ಜೊತೆಗೆ ಬರುತ್ತದೆ, ಇಷ್ಟು ಓದಿದ ಮಗಳಿಗೆ ಇದು ತಿಳಿಯಲಿಲ್ಲವೇ ಎಂದು ಆಕೆಯ ಬೆರಗು.

ಆಸರೆ ತೊಟ್ಟು ಮನೆಗೆ ಹೋದ ಹುಲಿಗೆಮ್ಮನಿಂದ ಹೊಳೆದಂಡೆಯ ಓಣಿಗೆ ನಾಲ್ಕು ದಿನ ಒಳ್ಳೆಯ ಮನರಂಜನೆ ಸಿಕ್ಕಿತು. ಮನೆಯ ಗಟ್ಟಿ ನೆಲದ ಮೇಲೂ ಆ ಚಟ ಬಿಡಲಿಲ್ಲ. ತರಕಾರಿಯವನು ಚಿಲ್ಲರೆಗೆ ಕೈ ಚಾಚಿದರೆ ಬಗ್ಗಿದಳು. ಮಕ್ಕಳು ಸಾಲಾಗಿ ನಿಂತು ಕೈ ಚಾಚಿ, ಸಾಲಾಗಿ ನಮಸ್ಕಾರ ಹಾಕಿಸಿಕೊಂಡವು. ಬಾವಿಯ ಹಗ್ಗದ ಜಗಳದಿಂದ ಒಂಬತ್ತು ವರ್ಷ ಮಾತು ಬಿಟ್ಟಿದ್ದ ಎದುರುಮನೆಯ ದುರುಗವ್ವ ಬಟ್ಟೆ ಒಣಹಾಕಲು ಕೈ ಚಾಚಿದಾಗ ಹುಲಿಗೆಮ್ಮ ನಡುಬೀದಿಯಲ್ಲಿ ಆಕೆಗೆ ಬಗ್ಗಿ ನಮಿಸಿದಳು. ದುರುಗವ್ವ ಮೊದಲು ದಂಗಾದಳು. ಸಂಜೆ ಬಟ್ಟಲು ತುಂಬ ಹೋಳಿಗೆ ತಂದಳು. ತಾನು ಸೋತೆನೆಂದು ಊರೆಲ್ಲ ತಿಳಿದುಕೊಂಡಿತಲ್ಲ ಎಂದು ಹುಲಿಗೆಮ್ಮನಿಗೆ ಹೊಟ್ಟೆ ಉರಿಯಿತು, ಹೋಳಿಗೆ ಮಾತ್ರ ತಿಂದಳು.

ಗೌರಾಳಿಗೆ ಇದು ನಗೆಯಾಟವಾಗಿರಲಿಲ್ಲ. ಗುರುವಾರ ಪರೀಕ್ಷೆ; ಸುರಕ್ಷತಾ ಮಂಡಳಿಯ ಪರೀಕ್ಷಕರು ಒಪ್ಪಿದರಷ್ಟೇ ಹುಲಿಗೆಮ್ಮ ಆಸರೆ ತೊಟ್ಟು ನೀರಿಗಿಳಿಯಬಹುದು. ಪಾಳಿಯ ಗಡುವು ಶನಿವಾರ. ಪರೀಕ್ಷಕರ ಹೆಸರು ಇನಾಮದಾರ. ಹಿಂದೆ ಎಲ್ಲೋ ಒಂದು ಚೌಕಟ್ಟು ಮೆಟ್ಟಿಲ ಮೇಲೆ ಹಠಾತ್ತನೆ ನಿಂತು ತೊಟ್ಟವನು ಉರುಳಿದ್ದನ್ನು ಕಣ್ಣಾರೆ ಕಂಡಿದ್ದ ಮನುಷ್ಯ. ಅಂದಿನಿಂದ ಅವರದು ಒಂದೇ ಹಟ: ಮನುಷ್ಯರನ್ನು ನಿಲ್ಲಿಸುವ ಪ್ರೋಗ್ರಾಂ ಮೊದಲಿನಿಂದ ಕೊನೆಯವರೆಗೆ ಒಬ್ಬರದೇ ಆಗಿರಬೇಕು, ಅದರ ಹುಟ್ಟು ಗೊತ್ತಿರಬೇಕು. ಸೊಂಟ ಇಪ್ಪತ್ತು ಡಿಗ್ರಿಗಿಂತ ಹೆಚ್ಚು ಬಾಗಿದರೆ ಮೊಣಕಾಲು ಬಿಗಿದು ನಿಲ್ಲಬೇಕೆಂಬ ನಿಯಮ ಬರೆದವರೂ ಅವರೇ. ಚಹಾ ಗಾಡಿಯ ವಿದ್ಯೆಯೋ ಮೂವತ್ತೈದರವರೆಗೆ ಬಗ್ಗುತ್ತಿತ್ತು. ಕಾಗದಗಳನ್ನು ಓದಿ ಅವರು, ಎರವಲು ಕಾಲಿನ ಮೇಲೆ ನಾನು ಯಾರನ್ನೂ ನಿಲ್ಲಿಸಲಾರೆ, ಆದರೂ ಬಂದು ನೋಡುತ್ತೇನೆ ಎಂದು ಬರೆದಿದ್ದರು.

ಬಗ್ಗುವ ಚಟವನ್ನು ಕತ್ತರಿಸಲು ಗೌರಾ ಮೂರು ದಿನ ಹೆಣಗಿದಳು. ಆಗಲಿಲ್ಲ. ನೀರಿನ ಮಟ್ಟ ಕಾಯುವುದೂ ಚಾಚಿದ ಕೈಯತ್ತ ಬಾಗುವುದೂ ಒಂದೇ ನೂಲಿನಲ್ಲಿ ಹೆಣೆದಿದ್ದವು. ಒಂದನ್ನು ಎಳೆದರೆ ಇನ್ನೊಂದೂ ಬಿಚ್ಚಿಕೊಳ್ಳುತ್ತಿತ್ತು. ಬುಧವಾರ ಮಧ್ಯಾಹ್ನ ಅವಳು ಹುಲಿಗೆಮ್ಮನ ಮನೆಗೆ ಹೋಗಿ ಹೊಸ್ತಿಲ ಮೇಲೆ ಕುಳಿತು, ಸೋತೆ ಎಂದಳು.

ಹುಲಿಗೆಮ್ಮ ಗೋಡೆಗೆ ಬೋರಲು ಹಾಕಿದ್ದ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದಳು.

"ಇರಲಿ ಬಿಡು ತಂಗಿ," ಎಂದಳು. "ಹೊಳಿಗೆ ಹೋಗಾಕ ನಾಕು ಮಂದಿಗೆ ಬಗ್ಗಬೇಕಂದ್ರ ಬಗ್ಗತೀನಿ. ಮೂರು ವರ್ಸ ಮಲಗಿದಾಕಿಗೆ ಬಗ್ಗೂದೂ ಒಂದು ಭಾಗ್ಯನ."

ಗುರುವಾರ ಬೆಳಿಗ್ಗೆ ಘಟ್ಟದಲ್ಲಿ ಜಾತ್ರೆಯಷ್ಟು ಜನ. ಹರಿಗೋಲಿನಲ್ಲಿ ಹುಲಿಗೆಮ್ಮ, ಇನಾಮದಾರರು, ಮಡಿಲಲ್ಲಿ ಪರದೆ ಇಟ್ಟುಕೊಂಡ ಗೌರಾ ಮೂವರೇ. ಗೌರಾಳಿಗೆ ಈಜು ಬಾರದು. ಒಂದು ಕೈಯಲ್ಲಿ ಅಂಚಿನ ಬಿದಿರನ್ನು ಹಿಡಿದೇ ಇದ್ದಳು. ಎಲ್ಲರಿಗೂ ತೇಲುವ ಅಂಗಿ ಕೊಟ್ಟಿದ್ದರು. ಇನಾಮದಾರರ ಹೊಟ್ಟೆಗೆ ಅಂಗಿಯ ಪಟ್ಟಿ ಬಿಗಿಯಾಗಿ, ಅವರು ಯಾರಿಗೂ ಕಾಣದಂತೆ ಅದನ್ನು ಬಿಚ್ಚಿಟ್ಟಿದ್ದರು. ನಿಯಮ ಬರೆಯುವವರು ನಿಯಮ ಪಾಲಿಸುವುದು ಎಪ್ಪತ್ತನಾಲ್ಕರಲ್ಲೂ ಅಪರೂಪವೇ ಆಗಿತ್ತು.

ಹುಲಿಗೆಮ್ಮ ಹುಟ್ಟು ನೀರಿಗೆ ತಾಗಿಸಿದಳು. ಪಾಳಿ ಉಳಿಯಬೇಕಾದರೆ ದಾಟಿ ಬರಬೇಕು, ತಾಗಿಸಿದರಷ್ಟೇ ಸಾಲದು. ಹರಿಗೋಲು ದಂಡೆ ಬಿಟ್ಟಿತು. ಗೌರಾ ಪರದೆಯಲ್ಲಿ ಹೊಕ್ಕುಳ ಬಟ್ಟಲಿನ ನೀರನ್ನು ನೋಡುತ್ತಿದ್ದಳು, ಗೆರೆ ಅಲುಗಲಿಲ್ಲ. ಮೊದಲ ಸುಳಿ ದಾಟಿದರು. ಎರಡನೆಯ ಸುಳಿಯಲ್ಲಿ ಹುಲಿಗೆಮ್ಮ ತನ್ನದೇ ಒಂದು ವರಸೆ ತೆಗೆದಳು. ಎಡ ಸೊಂಟವನ್ನು ತಟ್ಟನೆ ಸಡಿಲ ಬಿಟ್ಟು, ಹುಟ್ಟನ್ನು ಒಳಕ್ಕೆ ಎಳೆದು, ಸುಳಿಯ ಜೊತೆ ಜಗಳವಾಡದೆ ಅದರ ಜೊತೆಗೇ ಅರ್ಧ ಗಿರಕಿ ಹೊಡೆದು ಹೊರಬಂದಳು. ಚಹಾ ಗಾಡಿಗೆ ಇದು ಗೊತ್ತಿರಲಿಲ್ಲ. ಅದು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಕಲಿತುಕೊಂಡಿತು. ಹೊಸ ಪಾಠವೊಂದು ಹೆಪ್ಪಿನ ಬಟ್ಟಲಿಗೆ ಸೇರಿತೆಂಬ ಚಿಕ್ಕ ಗುರುತು ಪರದೆಯ ಮೂಲೆಯಲ್ಲಿ ಬೆಳಗಿತು. ಇದು ಯಾರು ಕಲಿಸಿದ್ದು ಎಂದು ಗೌರಾ ಕೇಳಿದಳು. ತಾನು ಎಂಟು ವರ್ಷದವಳಿದ್ದಾಗ ಅವ್ವ ಹಿಂದೆ ನಿಂತು, ಸೊಂಟಕ್ಕೆ ಎರಡೂ ಕೈಯಿಟ್ಟು ಕಲಿಸಿದಳೆಂದು ಹುಲಿಗೆಮ್ಮ ತಿರುಗದೆಯೇ ಹೇಳಿದಳು.

ನಡುಹೊಳೆಯಲ್ಲಿ ಇನಾಮದಾರರು ಎದ್ದು ನಿಂತರು. ಅಂಗಾಲಿನ ಹಾಳೆಯ ಅಂಕಿ ಹತ್ತಿರದಿಂದ ನೋಡಬೇಕಿತ್ತಂತೆ.

"ಕುಂದರ್ರಿ ಸಾಹೇಬ್ರ," ಎಂದಳು ಹುಲಿಗೆಮ್ಮ. ಅವರು ಕೂರುವ ಮೊದಲೇ ಬಂಡೆಯ ಮರೆಯಿಂದ ಬಂದ ಸೆಳವು ಹರಿಗೋಲಿಗೆ ಬಡಿಯಿತು. ನಿಂತಿದ್ದ ಇಬ್ಬರಲ್ಲಿ ಒಬ್ಬರು ಮಾತ್ರ ಹೊಳೆಗೆ ಬಿದ್ದರು; ಅವರು ಕಾಲು ಗಟ್ಟಿಯಿದ್ದವರು. ಪಟ್ಟಿ ಬಿಚ್ಚಿದ ಅಂಗಿ ಅವರ ತಲೆಯ ಮೇಲಿಂದ ಕಳಚಿ ತಾನೊಂದೇ ತೇಲಿಹೋಯಿತು. ಇನಾಮದಾರರು ಎರಡು ಮಾರು ದೂರದಲ್ಲಿ ಮೇಲೆದ್ದರು, ಮುಳುಗಿದರು, ಮತ್ತೆ ಎದ್ದರು. ಒಂದು ಕೈ ಮಾತ್ರ ಹರಿಗೋಲಿನ ಕಡೆ ಚಾಚಿತ್ತು.

ಗೌರಾ ಆ ಕಡೆ ಹೊರಳಿದ್ದೇ ತಡ ಹರಿಗೋಲು ವಾಲಿತು.

"ಗೌರವ್ವ, ನೀ ಆ ಕಡಿ ಅಂಚಿಗೆ ಕುಂದ್ರು," ಎಂದಳು ಹುಲಿಗೆಮ್ಮ, ಶಾಂತವಾಗಿ. ಗೌರಾ ತೆವಳಿಕೊಂಡು ಹೋಗಿ ಎದುರು ಅಂಚಿಗೆ ಕುಳಿತಳು. ಹುಲಿಗೆಮ್ಮ ಎಡ ಸೊಂಟ ಸಡಿಲ ಬಿಟ್ಟಳು, ಹುಟ್ಟು ಎಳೆದಳು. ಹರಿಗೋಲು ಗಿರಕಿ ಹೊಡೆದು ಮುಳುಗುವವರ ಕಡೆಗೇ ಹೋಯಿತು. ಅಷ್ಟರಲ್ಲಿ ಆಸರೆ ಆ ಚಾಚಿದ ಕೈಯನ್ನು ಕಂಡಿತ್ತು. ಹತ್ತು ಡಿಗ್ರಿ, ಇಪ್ಪತ್ತು. ಬೇರೆ ಯಾವ ಚೌಕಟ್ಟಾದರೂ ಅಲ್ಲಿಗೆ ಮೊಣಕಾಲು ಬಿಗಿದು ಕಂಬವಾಗಿ ನಿಲ್ಲುತ್ತಿತ್ತು. ಇದು ಇಪ್ಪತ್ತೈದಕ್ಕೆ ಬಗ್ಗಿತು, ಮೂವತ್ತೈದಕ್ಕೆ ಬಗ್ಗಿತು, ರೈಲಿನ ಓಣಿಯಲ್ಲಿ ಯಾರಿಗೋ ಚಹಾ ಕೊಡುವಷ್ಟೇ ಸಲೀಸಾಗಿ. ಹುಲಿಗೆಮ್ಮನ ಎಡಗೈ ಅವರ ಮಣಿಕಟ್ಟನ್ನು ಹಿಡಿಯಿತು. ತೊಂಬತ್ತು ಕಿಲೋ ತೂಕದ ಪರೀಕ್ಷಕರು ನೀರು ಸುರಿಸುತ್ತ ಒಳಗೆ ಬಿದ್ದರು. ಹರಿಗೋಲು ಎರಡು ಸಲ ತೂಗಿ ಸುಮ್ಮನಾಯಿತು. ಪರದೆಯಲ್ಲಿ ನೀರಿನ ಗೆರೆ ಕೂದಲೆಳೆಯಷ್ಟು ಕದಲಿತ್ತು, ಅಷ್ಟೇ. ದಂಡೆಯ ಮೇಲಿನ ಜನ ಹಾಕಿದ ಕೇಕೆ ಆಚೆ ಬಂಡೆಗೆ ಬಡಿದು ವಾಪಸ್ ಬಂತು. ಗೌರಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಖುಷಿಗೆ.

ಆಚೆ ದಂಡೆ ಮುಟ್ಟುವವರೆಗೆ ಇನಾಮದಾರರು ಬಟ್ಟೆಯ ನೀರು ಹಿಂಡಿಕೊಂಡರು. ಮುಟ್ಟಿದ ಮೇಲೆ, ಕೈ ಚಾಚಿದರೆ ಬಗ್ಗುವ ದೋಷವನ್ನು ತೆಗೆದಿದ್ದೀರಾ ಎಂದು ಕೇಳಿದರು. ತೆಗೆಯಲಾಗಲಿಲ್ಲ ಎಂದಳು ಗೌರಾ. ಅವರು ಒದ್ದೆ ಕಾಗದದ ಮೇಲೆ ಪೆನ್ನು ಒತ್ತಿ ಒತ್ತಿ ಬರೆದರು. ದೋಷ: ಚಾಚಿದ ಕೈಗೆಲ್ಲ ಬಗ್ಗುತ್ತದೆ. ಪರಿಹಾರ: ಬೇಕಿಲ್ಲ. ಕೆಳಗೆ ಸಹಿ.

ಪಾಳಿ ಉಳಿಯಿತು. ಸುದ್ದಿ ಹಬ್ಬಿದ ಮೇಲೆ ಹೆಪ್ಪಿನ ಭಂಡಾರಕ್ಕೆ ಜನ ಮುಗಿಬಿದ್ದರು. ರೇಷ್ಮೆ ಎಳೆ ಹುಡುಕುವ ಯಂತ್ರದ ಬೆರಳನ್ನು ಕಣ್ಣಿನ ಡಾಕ್ಟರರು ಎರವಲು ಒಯ್ದರು. ರೊಟ್ಟಿ ತಟ್ಟುವ ಯಂತ್ರದ ಅಂಗೈಯನ್ನು ಹಸುಗೂಸಿಗೆ ಎಣ್ಣೆ ಹಚ್ಚುವ ಯಂತ್ರ ಒಯ್ದಿತು. ಒಂದೂವರೆ ತಿಂಗಳಲ್ಲಿ ನಲವತ್ತೊಂದು ತುಣುಕು ಆರು ಸಾವಿರವಾಯಿತು. ಕೇಂದ್ರದವರು ಈಗ ಮೊಸರಿನ ವಿಷಯ ಕೇಳುತ್ತಿರಲಿಲ್ಲ; ಕಾಳಮ್ಮನ ಮೊಸರನ್ನೇ ಕೇಳಿ ತರಿಸಿಕೊಳ್ಳುತ್ತಿದ್ದರು.

ನದಾಫರು ಊಟಕ್ಕೆ ಕರೆದಿದ್ದರು. ಗೌರಾ, ಕಾಳಮ್ಮ, ಹುಲಿಗೆಮ್ಮ ಹುಬ್ಬಳ್ಳಿಯ ರೈಲು ಹತ್ತಿದರು. ಕಾಳಮ್ಮನ ಮಡಿಲಲ್ಲಿ ಬಟ್ಟೆ ಕಟ್ಟಿದ ಬಟ್ಟಲು, ಅದರಲ್ಲಿ ಮೆಣಸಿನತೊಟ್ಟಿನಿಂದ ಹುಟ್ಟಿದ ಹೆಪ್ಪು. ಕೊಪ್ಪಳ ದಾಟಿದ ಮೇಲೆ ಡಬ್ಬಿಯ ಆ ತುದಿಯಿಂದ ಚಹಾ ಗಾಡಿ ಬಂತು. ಎರಡು ಗಾಲಿ, ಬಳುಕುವ ನಡು, ತಲೆಯ ಮೇಲೆ ತುಂಬಿದ ಕಪ್ಪುಗಳ ತಟ್ಟೆ, ಒಂದೇ ಕೈ. ಹಳಿ ಎಡಕ್ಕೆ ತಿರುಗಿತು, ಡಬ್ಬಿ ವಾಲಿತು. ಗಾಡಿ ತಟ್ಟನೆ ತನ್ನ ಎಡ ನಡುವನ್ನು ಸಡಿಲ ಬಿಟ್ಟು, ತಿರುವಿನ ಜೊತೆಗೇ ಅರ್ಧ ಗಿರಕಿ ಹೊಡೆದು, ನೆಟ್ಟಗಾಗಿ ಮುಂದೆ ಬಂತು.

ಹುಲಿಗೆಮ್ಮ ಸೀಟಿನಿಂದ ಎದ್ದುಬಿಟ್ಟಳು. ದೇಶದ ಎಲ್ಲ ರೈಲಿನಲ್ಲೂ ಗಾಡಿಗಳು ಈಗ ಹೀಗೆಯೇ ತಿರುಗುತ್ತವೆ ಎಂದು ಗೌರಾ ಹೇಳಿದಳು. ಬಟ್ಟಲು ಖಾಲಿ ಹೋಗಿರಲಿಲ್ಲ, ಅದರಲ್ಲಿ ಸುಳಿಯ ವರಸೆ ಹೋಗಿತ್ತು.

ಹುಲಿಗೆಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. "ನಮ್ಮವ್ವ ಒಂದು ದಿನಾನೂ ರೈಲು ಹತ್ತಿದಾಕಿ ಅಲ್ಲ," ಎಂದಳು.

ಆಕೆ ಗಾಡಿಯತ್ತ ಕೈ ಚಾಚಿದಳು. ಗಾಡಿ ಬಗ್ಗಿ, ಚಹಾ ಕೊಡಲು ತನ್ನ ಕೈ ಚಾಚಿತು. ಚಾಚಿದ ಕೈ ಕಂಡು ಆಸರೆ ಬಗ್ಗಿತು. ಬಗ್ಗಿದವಳ ಕೈ ಇನ್ನೂ ಚಾಚಿಯೇ ಇತ್ತು, ಗಾಡಿ ಇನ್ನೊಮ್ಮೆ ಬಗ್ಗಿತು. ಓಡುವ ರೈಲಿನಲ್ಲಿ ಎರಡೂ ಎದುರುಬದುರಾಗಿ ಬಗ್ಗಿ ಬಗ್ಗಿ ನಮಸ್ಕಾರ ಹಾಕುತ್ತಿದ್ದರೆ ಡಬ್ಬಿಯೆಲ್ಲ ನಗುತ್ತಿತ್ತು, ಅಳುತ್ತಿದ್ದ ಹುಲಿಗೆಮ್ಮನೂ ನಗುತ್ತಿದ್ದಳು. ಕೊನೆಗೆ ಕಾಳಮ್ಮ ಎದ್ದು ನಡುವೆ ಕೈ ಹಾಕಿ ಕಪ್ಪನ್ನು ತೆಗೆದು ಹುಲಿಗೆಮ್ಮನ ಕೈಗಿತ್ತಳು. ಕಪ್ಪು ಅಂಚಿನವರೆಗೆ ತುಂಬಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ.